ಮಳೆಗೆ ನಿಂತ ಫೈನಲ್: ಬಿಲ್ ಶಾಂಕ್ಲಿ

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಜುಲೈ ತಿಂಗಳಲ್ಲಿ ಫುಟ್ಬಾಲ್ ಆಡುವುದೆಂದರೆ ಅರ್ಧ ಆಟ, ಅರ್ಧ ಈಜು. ಒದ್ದ ಚೆಂಡು ನಾಲ್ಕು ಮಾರು ಹೋಗಿ ನೀರಿನಲ್ಲಿ ನಿಂತುಬಿಡುತ್ತದೆ. ಕಳೆದ ಮಳೆಗಾಲದಲ್ಲಿ ಹೀಗೇ ಒಂದು ಆಟ ಅರ್ಧಕ್ಕೆ ನಿಂತಿತು. ನಾವೆಲ್ಲ ಜಗಲಿಯಲ್ಲಿ ಮುಖ ಸಪ್ಪೆ ಮಾಡಿಕೊಂಡು ಕುಳಿತಿದ್ದಾಗ, ಮಳೆ ನಿಲ್ಲಿಸಿದ ಆಟದಿಂದಲೇ ಯುರೋಪಿನ ಕಪ್ ಗೆದ್ದ ತರಬೇತುದಾರರೊಬ್ಬರ ಕಥೆಯನ್ನು ನಮ್ಮ ಸರ್ ಹೇಳಿದರು. ಅವರ ಹೆಸರು ಬಿಲ್ ಶಾಂಕ್ಲಿ. ಅಂದಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಶಾಂಕ್ಲಿ ಹುಟ್ಟಿದ್ದು 1913ರ ಸೆಪ್ಟೆಂಬರ್ 2ರಂದು, ಸ್ಕಾಟ್ಲೆಂಡಿನ ಗ್ಲೆನ್‌ಬಕ್ ಎಂಬ ಪುಟ್ಟ ಹಳ್ಳಿಯಲ್ಲಿ. ಅದು ಕಲ್ಲಿದ್ದಲು ಗಣಿಯ ಊರು. ಮನೆಯಲ್ಲಿ ಹತ್ತು ಮಕ್ಕಳು. ಐದು ಜನ ಗಂಡುಮಕ್ಕಳೂ ಮುಂದೆ ವೃತ್ತಿಪರ ಫುಟ್ಬಾಲ್ ಆಟಗಾರರಾದರು. ಬಿಲ್ 14ನೇ ವಯಸ್ಸಿಗೆ ಶಾಲೆ ಬಿಟ್ಟು ಗಣಿಯ ಕೆಲಸಕ್ಕೆ ಸೇರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಗಣಿ ಮುಚ್ಚಿತು, ಕೆಲಸ ಹೋಯಿತು. ನಾವು ಪಿಯುಸಿ ಓದುವ ವಯಸ್ಸಿಗೆ ಅವರು ನಿರುದ್ಯೋಗಿ.

1932ರಲ್ಲಿ ಕಾರ್ಲೈಲ್ ಯುನೈಟೆಡ್ ಕ್ಲಬ್ ಅವರನ್ನು ಸೇರಿಸಿಕೊಂಡಿತು. ಮರುವರ್ಷ ಅವರು ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ಬಿಗೆ ಹೋದರು. 1937ರ ಎಫ್.ಎ. ಕಪ್ ಫೈನಲ್‌ನಲ್ಲಿ ಪ್ರೆಸ್ಟನ್ ಸೋತಿತು. 1938ರಲ್ಲಿ ಮತ್ತೆ ಫೈನಲ್‌ಗೆ ಬಂದು ಗೆದ್ದಿತು. ನಮ್ಮ ರಾಜ್ಯದ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯಲ್ಲಿ ರೋವರ್ಸ್ ಕಪ್ ಗೆದ್ದದ್ದೂ ಅದೇ 1937 ಮತ್ತು 1938ರಲ್ಲಿ ಎಂದು ತಿಳಿದಾಗ ನನಗೆ ಖುಷಿಯಾಯಿತು. ಆದರೆ ಮರುವರ್ಷವೇ ಎರಡನೇ ಮಹಾಯುದ್ಧ ಶುರುವಾಯಿತು. ಆಟಗಾರನ ಬದುಕಿನ ಒಳ್ಳೆಯ ವರ್ಷಗಳನ್ನು ಯುದ್ಧ ನುಂಗಿತು. ವಾಯುಪಡೆಯ ಸೇವೆ ಮುಗಿಸಿ ಬಂದಾಗ ಅವರಿಗೆ 30 ದಾಟಿತ್ತು.

1949ರಲ್ಲಿ ಶಾಂಕ್ಲಿ ತರಬೇತುದಾರರಾದರು. ಹತ್ತು ವರ್ಷ ಕಾರ್ಲೈಲ್, ಗ್ರಿಮ್ಸ್‌ಬಿ, ವರ್ಕಿಂಗ್ಟನ್, ಹಡರ್ಸ್‌ಫೀಲ್ಡ್ ಎಂದು ಸಣ್ಣಪುಟ್ಟ ಕ್ಲಬ್ಬುಗಳಲ್ಲೇ ಓಡಾಡಿದರು. ದೊಡ್ಡ ಕಪ್ ಒಂದೂ ಕೈಗೆ ಬರಲಿಲ್ಲ. 1959ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್ ಸೇರಿದಾಗ ಆ ಕ್ಲಬ್ ಕೂಡ ಎರಡನೇ ದರ್ಜೆಯಲ್ಲಿ ಬಿದ್ದಿತ್ತು. ಅಭ್ಯಾಸದ ಮೈದಾನ ಹಾಳು ಬಿದ್ದಿತ್ತು. ಹೊಸಬರು ಬಂದರೆ ಹಳೆಯ ಸಿಬ್ಬಂದಿಯನ್ನು ತೆಗೆಯುವುದು ವಾಡಿಕೆ. ಶಾಂಕ್ಲಿ ಹಾಗೆ ಮಾಡಲಿಲ್ಲ. ಬಾಬ್ ಪೈಸ್ಲಿ, ಜೋ ಫಾಗನ್, ರೂಬೆನ್ ಬೆನೆಟ್ ಅವರನ್ನು ಉಳಿಸಿಕೊಂಡರು. ಆಟಗಾರರ ಬೂಟು ಇಡುವ ಚಿಕ್ಕ ಕೋಣೆಯಲ್ಲಿ ಕುಳಿತು ತರಬೇತುದಾರರೆಲ್ಲ ಆಟದ ಲೆಕ್ಕ ಹಾಕುತ್ತಿದ್ದರು. 1962ರಲ್ಲಿ ಲಿವರ್‌ಪೂಲ್ ಮೊದಲ ದರ್ಜೆಗೆ ಏರಿತು. 1964ರಲ್ಲಿ ಲೀಗ್ ಗೆದ್ದಿತು. 1965ರಲ್ಲಿ ಆ ಕ್ಲಬ್ಬಿನ ಚರಿತ್ರೆಯಲ್ಲೇ ಮೊದಲ ಬಾರಿಗೆ ಎಫ್.ಎ. ಕಪ್ ಬಂತು. 1966ರಲ್ಲಿ ಮತ್ತೆ ಲೀಗ್.

ಆದರೆ ಯುರೋಪಿನ ಕಪ್ ಮಾತ್ರ ಸಿಗಲಿಲ್ಲ. ಅಲ್ಲಿನ ಕಪ್‌ಗಳಲ್ಲಿ ಎರಡು ತಂಡಗಳು ಎರಡು ಸಲ ಆಡುತ್ತವೆ, ಒಮ್ಮೆ ನಮ್ಮೂರಲ್ಲಿ, ಒಮ್ಮೆ ಅವರೂರಲ್ಲಿ. ಎರಡೂ ಆಟದ ಗೋಲು ಕೂಡಿಸಿ ಗೆದ್ದವರು ಯಾರೆಂದು ಹೇಳುತ್ತಾರೆ. 1965ರ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಲಿವರ್‌ಪೂಲ್ ತನ್ನೂರಲ್ಲಿ ಇಂಟರ್ ಮಿಲಾನ್ ತಂಡವನ್ನು 3-1ರಿಂದ ಸೋಲಿಸಿತು. ಎಂಟು ದಿನ ಬಿಟ್ಟು ಮಿಲಾನ್‌ಗೆ ಹೋಗಿ 0-3ರಿಂದ ಸೋತು ಹೊರಬಿತ್ತು. ಮೊದಲ ಆಟ ಗೆದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ ಎಂದು ಶಾಂಕ್ಲಿ ಅಂದು ಕಲಿತರು. ಮರುವರ್ಷ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲೂ ಜರ್ಮನಿಯ ಡಾರ್ಟ್ಮುಂಡ್ ಎದುರು ಸೋಲು. ನಂತರ ತಂಡಕ್ಕೆ ವಯಸ್ಸಾಯಿತು. ಶಾಂಕ್ಲಿ ಹಳಬರ ಜಾಗಕ್ಕೆ ಹೊಸಬರನ್ನು ತಂದು ತಂಡವನ್ನು ಮತ್ತೆ ಬುಡದಿಂದ ಕಟ್ಟಿದರು.

ಆ ಹೊಸ ತಂಡವೇ 1973ರಲ್ಲಿ ಯುಇಎಫ್‌ಎ ಕಪ್ ಫೈನಲ್ ತಲುಪಿತು. ಎದುರಾಳಿ ಜರ್ಮನಿಯ ಬೊರುಸ್ಸಿಯಾ ಮೋನ್ಶನ್‌ಗ್ಲಾಡ್‌ಬಾಖ್. ಮೇ 9ರ ರಾತ್ರಿ ಆನ್‌ಫೀಲ್ಡ್ ಮೈದಾನದಲ್ಲಿ ಮೊದಲ ಆಟ. ಜಡಿಮಳೆ ಹೊಯ್ಯಿತು. ಮೈದಾನ ನಮ್ಮ ಬೈಲುಗದ್ದೆಯಂತಾಯಿತು. 27 ನಿಮಿಷ ಆಗುವಷ್ಟರಲ್ಲಿ ರೆಫರಿ ಆಟ ನಿಲ್ಲಿಸಿದರು. ಗೋಲು 0-0. ಮರುದಿನ ಮೊದಲಿನಿಂದ ಆಡಬೇಕೆಂದು ತೀರ್ಮಾನವಾಯಿತು.

ಬೇರೆಯವರಾಗಿದ್ದರೆ ಮಳೆಯನ್ನು ಬೈದು ಮಲಗುತ್ತಿದ್ದರು. ಶಾಂಕ್ಲಿ ಆ 27 ನಿಮಿಷದಲ್ಲಿ ಒಂದು ವಿಷಯ ಗಮನಿಸಿದ್ದರು. ಜರ್ಮನ್ ತಂಡ ಗುಂಟರ್ ನೆಟ್ಝರ್ ಎಂಬ ದೊಡ್ಡ ಆಟಗಾರನನ್ನು ಹಿಂದೆ ನಿಲ್ಲಿಸಿತ್ತು. ಆದರೆ ಮೇಲಿನಿಂದ ಬರುವ ಚೆಂಡಿಗೆ ಅವರ ರಕ್ಷಣೆ ತಡಬಡಾಯಿಸುತ್ತಿತ್ತು. ಎತ್ತರದ ಆಟಗಾರ ಜಾನ್ ಟೊಷಾಕ್‌ಗೆ ಆ ರಾತ್ರಿ ಮೊದಲ ಹನ್ನೊಂದರಲ್ಲಿ ಜಾಗ ಸಿಕ್ಕಿರಲಿಲ್ಲ. ಮರುದಿನ ಶಾಂಕ್ಲಿ ಬ್ರಿಯಾನ್ ಹಾಲ್ ಬದಲು ಅವನನ್ನು ಇಳಿಸಿದರು. ಟೊಷಾಕ್ ತಲೆಯಿಂದ ಇಳಿಸಿಕೊಟ್ಟ ಚೆಂಡನ್ನು ಬಳಸಿ ಕೆವಿನ್ ಕೀಗನ್ 2 ಗೋಲು ಹೊಡೆದ. ಮೂರನೆಯದು ಲ್ಯಾರಿ ಲಾಯ್ಡ್ ತಲೆಯಿಂದ ಬಂತು. 3-0.

ಅದೇ ಆಟದಲ್ಲಿ ಇನ್ನೊಂದು ಘಟನೆ ನಡೆಯಿತು. ಜರ್ಮನ್ ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಯುಪ್ ಹೈಂಕಸ್ ಒದ್ದ ಚೆಂಡನ್ನು ಗೋಲ್‌ಕೀಪರ್ ರೇ ಕ್ಲೆಮೆನ್ಸ್ ತಡೆದ. ಗೆಲ್ಲುತ್ತಿರುವ ಆಟದಲ್ಲಿ ಇದೇನು ಮಹಾ ಎಂದು ಅಂದು ಅನಿಸಿರಬಹುದು. ಅದರ ಬೆಲೆ ಗೊತ್ತಾದದ್ದು ಮೇ 23ರಂದು, ಜರ್ಮನಿಯಲ್ಲಿ ನಡೆದ ಎರಡನೇ ಆಟದಲ್ಲಿ. ಅದೇ ಹೈಂಕಸ್ ಅರ್ಧ ಸಮಯದೊಳಗೇ 2 ಗೋಲು ಹೊಡೆದ. 3-0 ಇದ್ದದ್ದು 3-2 ಆಯಿತು. ಶಾಂಕ್ಲಿಗೆ ಮಿಲಾನ್ ನೆನಪಾಗದೆ ಇರಲು ಸಾಧ್ಯವೇ? ಆದರೆ ಈ ಸಲ ತಂಡ ಉಳಿದ 45 ನಿಮಿಷ ಹಲ್ಲು ಕಚ್ಚಿ ನಿಂತಿತು. ಮತ್ತೊಂದು ಗೋಲು ಬೀಳಲಿಲ್ಲ. ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿಗೆ ಆಗ ಹೆಚ್ಚು ಬೆಲೆ. ಕ್ಲೆಮೆನ್ಸ್ ಆ ಪೆನಾಲ್ಟಿ ಬಿಟ್ಟಿದ್ದರೆ ಒಟ್ಟು 3-3 ಆಗಿ ಕಪ್ ಜರ್ಮನಿಯಲ್ಲೇ ಉಳಿಯುತ್ತಿತ್ತು. ಲಿವರ್‌ಪೂಲ್‌ಗೆ ಅದು ಯುರೋಪಿನ ಮೊದಲ ಕಪ್. ಅದೇ ವರ್ಷ ಲೀಗ್ ಕೂಡ ಅವರದೇ ಆಯಿತು.

ಮರುವರ್ಷ ಎಫ್.ಎ. ಕಪ್ ಗೆದ್ದು, 1974ರ ಜುಲೈನಲ್ಲಿ ಶಾಂಕ್ಲಿ ಇದ್ದಕ್ಕಿದ್ದಂತೆ ನಿವೃತ್ತರಾದರು. ಊರಿಗೆ ಊರೇ ನಂಬಲಿಲ್ಲ. ಆ ನಿರ್ಧಾರ ಅವರಿಗೆ ಸುಖ ಕೊಡಲಿಲ್ಲ. ಅಭ್ಯಾಸದ ಮೈದಾನಕ್ಕೆ ಮತ್ತೆ ಮತ್ತೆ ಹೋಗುತ್ತಿದ್ದರು. ಕ್ಲಬ್ಬಿಗೆ ಅದು ಇರಿಸುಮುರಿಸಾಯಿತು, ಅವರಿಗೆ ನೋವಾಯಿತು. ಅವರು ಉಳಿಸಿಕೊಂಡಿದ್ದ ಪೈಸ್ಲಿಯೇ ಅವರ ನಂತರ ಮೂರು ಯುರೋಪಿಯನ್ ಕಪ್ ಗೆದ್ದುಕೊಟ್ಟರು. ಶಾಂಕ್ಲಿ ಮಾತ್ರ ಕೊನೆಯವರೆಗೂ ಸಾಧಾರಣ ಮನೆಯಲ್ಲೇ ಇದ್ದು, ಬೀದಿಯ ಮಕ್ಕಳ ಜೊತೆ ಚೆಂಡು ಒದೆಯುತ್ತಿದ್ದರು. 1981ರ ಸೆಪ್ಟೆಂಬರ್ 29ರಂದು ಹೃದಯಾಘಾತದಿಂದ ತೀರಿಕೊಂಡರು.

ಈ ಕಥೆ ನನಗೇಕೆ ಹತ್ತಿರವಾಯಿತು ಎಂದು ಹೇಳಿ ಮುಗಿಸುತ್ತೇನೆ. ಪ್ರಥಮ ಪಿಯುಸಿ ವಾರ್ಷಿಕ ಪರೀಕ್ಷೆಯಲ್ಲಿ ನನ್ನ ಅಕೌಂಟೆನ್ಸಿ ಹೋಗಿತ್ತು. ಮನೆಯಲ್ಲಿ ಉಮ್ಮ ಸಬರ್ ಮಾಡು ಎಂದರು. ಸಬರ್ ಎಂದರೆ ಸುಮ್ಮನೆ ಕಾಯುವುದು ಎಂದುಕೊಂಡು ನಾಲ್ಕು ದಿನ ಮಂಚ ಬಿಟ್ಟು ಏಳಲಿಲ್ಲ. ಆಮೇಲೆ ಪ್ರಶ್ನೆಪತ್ರಿಕೆ ತೆಗೆದು ಎಲ್ಲೆಲ್ಲಿ ತಪ್ಪಿದೆ ಎಂದು ಒಂದೊಂದಾಗಿ ಬರೆದೆ. ನನ್ನ ತಪ್ಪುಗಳಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿದ್ದವು, ಜರ್ನಲ್‌ನಿಂದ ಲೆಡ್ಜರ್‌ಗೆ ಏರಿಸುವಲ್ಲಿ. ಪೂರಕ ಪರೀಕ್ಷೆಗೆ ಅದೊಂದನ್ನೇ ದಿನವೂ ಮಾಡಿದೆ. ಪಾಸಾದೆ. ಮುಂದೆ ಶಾಂಕ್ಲಿಯ ಕಥೆ ಕೇಳಿದಾಗ, ನನಗೂ ಸಿಕ್ಕಿದ್ದು ಅಂಥದೇ 27 ನಿಮಿಷ ಎಂದು ಅನಿಸಿತು.

ಈ ಸಲ ಎರಡನೇ ಪರೀಕ್ಷೆ ಬರೆಯುವ ಗೆಳೆಯ ಗೆಳತಿಯರು ನಮ್ಮಲ್ಲಿದ್ದಾರೆ. ಮೊದಲ ಸಲ ಎಲ್ಲಿ ತಪ್ಪಿತು ಎಂದು ಅವರು ಒಮ್ಮೆ ಕುಳಿತು ನೋಡಲಿ. ಮೊದಲ ಸಲವೇ ಗೆದ್ದವರು ಮಿಲಾನ್‌ನ ಆಟವನ್ನು ನೆನಪಿಟ್ಟುಕೊಳ್ಳಲಿ. ಎಲ್ಲರಿಗೂ ಒಳಿತಾಗಲಿ, ಆಮೀನ್.