ಚಾಪ್ಲಿನ್ನನ ಮುಷ್ಟಿಕಾಳಗ

ಹಾಸ್ಯವು ಕರುಣದ ನೆರೆಮನೆಯೆಂದು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಚಾರ್ಲಿ ಚಾಪ್ಲಿನ್ನನ ನೆನಪಾಗುತ್ತದೆ. ಅದರಲ್ಲಿಯೂ ಆತನು ತೆರೆಯ ಮೇಲೆ ಹೂಡಿದ ಮುಷ್ಟಿಕಾಳಗಗಳ ನೆನಪು.

ಚಾಪ್ಲಿನ್ ಹುಟ್ಟಿದ್ದು ೧೮೮೯ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆ ಗಾಯಕ, ಕುಡಿತಕ್ಕೆ ಬಲಿಯಾದವನು. ರಂಗಗಾಯಕಿಯಾಗಿದ್ದ ತಾಯಿ ಹ್ಯಾನಾ ಮೊದಲು ಕಂಠವನ್ನೂ ಬಳಿಕ ಚಿತ್ತಸ್ವಾಸ್ಥ್ಯವನ್ನೂ ಕಳೆದುಕೊಂಡಳು. ಏಳನೆಯ ವಯಸ್ಸಿಗೇ ಬಾಲಕನು ಲಂಡನ್ನಿನ ಲ್ಯಾಂಬೆತ್ ಬಡವರ ದುಡಿಮೆಮನೆಯ ಮೆಟ್ಟಿಲು ಹತ್ತಬೇಕಾಯಿತು. ಹಸಿವನ್ನು ಆತನು ಪುಸ್ತಕದಿಂದ ಕಲಿತವನಲ್ಲ.

೧೯೧೪ರಲ್ಲಿ ಅಮೆರಿಕೆಯ ಕೀಸ್ಟೋನ್ ಕಂಪನಿಗೆ ಸೇರಿದಾಗ ಆತನ ಸಂಬಳ ವಾರಕ್ಕೆ ೧೫೦ ಡಾಲರು. ಆ ವರ್ಷದ ‘ದಿ ನಾಕೌಟ್’ ಚಿತ್ರದ ಕಾಳಗದಲ್ಲಿ ಆತನು ಬರಿಯ ತೀರ್ಪುಗಾರ. ಮರುವರ್ಷ ಎಸ್ಸನೇ ಕಂಪನಿ ೧೨೫೦ ಡಾಲರು ಕೊಟ್ಟು ಕರೆದುಕೊಂಡಿತು. ಕ್ಯಾಲಿಫೋರ್ನಿಯದ ನೈಲ್ಸ್ ಎಂಬ ಸಣ್ಣ ಊರಿನಲ್ಲಿ ಆಗ ಸಿದ್ಧವಾದದ್ದು ‘ದಿ ಚಾಂಪಿಯನ್’. ಹೊಟ್ಟೆಗಿಲ್ಲದ ಅಲೆಮಾರಿ ತನ್ನ ತುತ್ತನ್ನು ನಾಯಿಯೊಡನೆ ಹಂಚಿಕೊಳ್ಳುತ್ತಾನೆ, ಕೈಗವಸಿನೊಳಗೆ ಕುದುರೆಯ ಲಾಳವನ್ನು ಅಡಗಿಸಿಕೊಂಡು ಮಲ್ಲನನ್ನು ಉರುಳಿಸುತ್ತಾನೆ. ಕಡೆಗೆ ಗೆಲುವೂ ಅವನದೇ.

ಆದರೆ ೧೯೩೧ರ ‘ಸಿಟಿ ಲೈಟ್ಸ್’ನಲ್ಲಿ ಅದೇ ಅಲೆಮಾರಿ ಸೋಲುತ್ತಾನೆ. ತಾಯಿ ತೀರಿಕೊಂಡ ೧೯೨೮ರ ಕೊನೆಯಲ್ಲಿ ಆರಂಭವಾದ ಚಿತ್ರವದು. ಆ ವೇಳೆಗೆ ಮಾತಿನ ಚಿತ್ರಗಳು ಬಂದಿದ್ದವು; ಚಾಪ್ಲಿನ್ ಮಾತ್ರ ತನ್ನ ಸ್ವಂತ ಹಣವನ್ನು ಮೂಕಚಿತ್ರದ ಮೇಲೆ ಪಣವಿಟ್ಟನು. ಕುರುಡಿ ಹೂವಾಡಗಿತ್ತಿಯ ಮನೆಬಾಡಿಗೆಗಾಗಿ ನಾಯಕನು ಕಣಕ್ಕಿಳಿಯುತ್ತಾನೆ. ಬಹುಮಾನವನ್ನು ಸಮನಾಗಿ ಹಂಚಿಕೊಳ್ಳೋಣವೆಂದು ಒಪ್ಪಿದ್ದ ಎದುರಾಳಿ ಪೊಲೀಸರಿಗೆ ಹೆದರಿ ಪರಾರಿಯಾಗುತ್ತಾನೆ. ಅವನ ಜಾಗಕ್ಕೆ ಬಂದವನು ಕರುಣೆಯಿಲ್ಲದ ಮಲ್ಲ. ಆ ಪಾತ್ರ ಕೀಸ್ಟೋನ್ ದಿನಗಳ ಹಳೆಯ ಒಡನಾಡಿ ಹ್ಯಾಂಕ್ ಮನ್ನನದು. ನಾಯಕನು ತೀರ್ಪುಗಾರನ ಬೆನ್ನ ಹಿಂದೆ ಅಡಗುವುದು, ಗಂಟೆಯ ಹಗ್ಗ ಕೊರಳಿಗೆ ಸುತ್ತಿಕೊಳ್ಳುವುದು, ಎಲ್ಲವೂ ನೃತ್ಯದಂತೆ ತಾಳಬದ್ಧ. ನಾವು ಕೆಲವೇ ನಿಮಿಷ ನೋಡಿ ನಗುವ ಈ ಕಾಳಗಕ್ಕೆ ನಾಲ್ಕು ದಿನ ತಾಲೀಮು, ಆರು ದಿನ ಚಿತ್ರೀಕರಣ ನಡೆಯಿತು. ಚಿತ್ರದ ಸಂಗೀತವನ್ನೂ ಬಹುಮಟ್ಟಿಗೆ ಆತನೇ ಹೊಂದಿಸಿದನು.

ಮೊದಲ ಗೆಲುವು ನಮ್ಮನ್ನು ನಗಿಸಿ ಕಳಿಸುತ್ತದೆ. ಎರಡನೆಯ ಸೋಲು ಮನೆಯವರೆಗೂ ಜೊತೆಯಲ್ಲಿ ಬರುತ್ತದೆ. ಬಡವನಿಗೆ ಲಾಳದ ಅದೃಷ್ಟ ಸದಾ ದೊರೆಯದೆಂಬುದನ್ನು ಬಲ್ಲವನು, ಹದಿನಾರು ವರ್ಷಗಳ ಬಳಿಕ ಆ ನಿಜವನ್ನು ನಗೆಯೊಳಗೇ ಹೇಳುವ ಧೈರ್ಯ ಮಾಡಿದನು. ಪಣವೂ ಫಲಿಸಿತು, ಜನ ಮೂಕಚಿತ್ರವನ್ನೇ ಮುಗಿಬಿದ್ದು ನೋಡಿದರು. ೧೯೭೭ರ ಕ್ರಿಸ್ಮಸ್ ದಿನ ಸ್ವಿಟ್ಜರ್ಲೆಂಡಿನಲ್ಲಿ ಚಾಪ್ಲಿನ್ ಕಣ್ಣು ಮುಚ್ಚಿದನು. ಪೆಟ್ಟು ತಿಂದವನನ್ನು ಕಂಡು ನಗುವುದು ಸುಲಭ. ನಕ್ಕ ಮೇಲೆ ಅವನ ಹಸಿವನ್ನು ನೆನೆಯುವಂತೆ ಮಾಡುವುದು ಮಹಾಕಲೆ ಎಂದು ನಾನು ತಿಳಿದಿದ್ದೇನೆ.