ಶ್ರೀಮತಿ ದೇವಿಕಾರಾಣಿ ರೋರಿಚ್ (1908–1994)

ಭಾರತೀಯ ಚಲನಚಿತ್ರರಂಗದ ಪ್ರಥಮ ಮಹಿಳೆ ಎಂದು ಪ್ರಸಿದ್ಧರಾದ ಶ್ರೀಮತಿ ದೇವಿಕಾರಾಣಿಯವರು ತಮ್ಮ ಜೀವನದ ಉತ್ತರಾರ್ಧವನ್ನು ಬೆಂಗಳೂರಿನ ದಕ್ಷಿಣಕ್ಕೆ, ಬನಶಂಕರಿಯ ಮೂಲಕ ಸಾಗುವ ಕನಕಪುರ ರಸ್ತೆಯಲ್ಲಿರುವ ತಾತಗುಣಿ ಎಸ್ಟೇಟಿನಲ್ಲಿ ಕಳೆದರು. ಮಹಿಳೆಯರಿಗೂ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಜನರಿಗೂ ತೆರೆಯ ಮೇಲೆ ದೊರೆತ ಸ್ಥಾನವನ್ನು ಅರಿಯಲು ಇವರ ಜೀವನ ಚರಿತ್ರೆಯು ಸಹಕಾರಿಯಾಗಿದೆ.

ಜನನ ಮತ್ತು ಶಿಕ್ಷಣ

ದೇವಿಕಾರಾಣಿಯವರು 1908ರ ಮಾರ್ಚ್ 30ರಂದು ವಾಲ್ಟೇರಿನಲ್ಲಿ (ಇಂದಿನ ವಿಶಾಖಪಟ್ಟಣ) ಜನಿಸಿದರು. ತಂದೆ ಕರ್ನಲ್ ಎಂ.ಎನ್. ಚೌಧುರಿಯವರು ಮದ್ರಾಸ್ ಪ್ರಾಂತ್ಯದ ಸರ್ಜನ್ ಜನರಲ್ ಆಗಿದ್ದರು. ಕವಿ ರವೀಂದ್ರನಾಥ ಠಾಕೂರರ ಮನೆತನಕ್ಕೂ ಇವರಿಗೂ ಬಂಧುತ್ವವಿತ್ತು. ಬಾಲ್ಯದಲ್ಲೇ ಇಂಗ್ಲೆಂಡಿಗೆ ತೆರಳಿ ಅಲ್ಲಿಯೇ ಶಿಕ್ಷಣ ಪಡೆದ ಇವರು 1929ರಲ್ಲಿ ಚಿತ್ರ ನಿರ್ಮಾಪಕ ಹಿಮಾಂಶು ರಾಯ್ ಅವರನ್ನು ವಿವಾಹವಾದರು.

ಚಿತ್ರರಂಗ ಪ್ರವೇಶ

1913ರ 'ರಾಜಾ ಹರಿಶ್ಚಂದ್ರ' ಚಿತ್ರದಲ್ಲಿ ತಾರಾಮತಿಯ ಪಾತ್ರವನ್ನು ಅಣ್ಣಾ ಸಾಳುಂಕೆ ಎಂಬ ಪುರುಷರೇ ವಹಿಸಬೇಕಾಯಿತು. ಅನಂತರವೂ ಬಹುಕಾಲ ಅಭಿನಯವು ಗೌರವಸ್ಥ ಮನೆತನದ ಸ್ತ್ರೀಯರಿಗೆ ತಕ್ಕುದಲ್ಲವೆಂಬ ಭಾವನೆ ಬಲವಾಗಿತ್ತು. ಇಂತಹ ಕಾಲದಲ್ಲಿ ದೇವಿಕಾರಾಣಿಯವರು 1933ರ 'ಕರ್ಮ' ಚಿತ್ರದಲ್ಲಿ ನಾಯಕಿಯಾದರು. 1934ರಲ್ಲಿ ದಂಪತಿಗಳು ಬಾಂಬೆ ಟಾಕೀಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಸಂಗೀತ ನಿರ್ದೇಶಕಿಯಾಗಿದ್ದ ಪಾರ್ಸಿ ಮಹಿಳೆಯೊಬ್ಬರು ಸ್ವಸಮುದಾಯದ ವಿರೋಧದ ಕಾರಣದಿಂದ ಸರಸ್ವತೀದೇವಿ ಎಂಬ ಹೆಸರಿನಲ್ಲಿ ಕೆಲಸ ಮಾಡಬೇಕಾಯಿತು.

'ಅಛೂತ್ ಕನ್ಯಾ'

1936ರಲ್ಲಿ ತೆರೆಕಂಡ ಈ ಚಿತ್ರದಲ್ಲಿ ದೇವಿಕಾರಾಣಿಯವರು ರೈಲ್ವೆ ಗೇಟ್ ಕಾಯುವ ಅಸ್ಪೃಶ್ಯ ಕುಟುಂಬದ ಮಗಳಾದ ಕಸ್ತೂರಿಯ ಪಾತ್ರ ವಹಿಸಿದರು. ಬ್ರಾಹ್ಮಣ ಯುವಕ ಪ್ರತಾಪನಾಗಿ ಅಶೋಕ್ ಕುಮಾರ್ ನಟಿಸಿದರು. ಇಬ್ಬರ ಪ್ರೀತಿಗೆ ಜಾತಿ ಅಡ್ಡಿಯಾಗುತ್ತದೆ. ಕೊನೆಗೆ ಬರುತ್ತಿರುವ ರೈಲನ್ನು ತಡೆಯಲು ಹೋಗಿ ಕಸ್ತೂರಿ ಪ್ರಾಣ ತೆರುತ್ತಾಳೆ. ದೇವಾಲಯ ಪ್ರವೇಶವೇ ವಿವಾದವಾಗಿದ್ದ ದಿನಗಳಲ್ಲಿ ಅಸ್ಪೃಶ್ಯ ಕನ್ಯೆಯೊಬ್ಬಳನ್ನು ಕಥಾನಾಯಕಿಯನ್ನಾಗಿಸಿದ್ದು ಧೈರ್ಯದ ಕಾರ್ಯವಾಗಿತ್ತು.

ಆದಾಗ್ಯೂ ಚಿತ್ರಕ್ಕೆ ಮಿತಿಗಳಿದ್ದವು. ಕುಲೀನ ಮನೆತನದ, ವಿದೇಶದಲ್ಲಿ ಕಲಿತ ನಟಿಯೇ ಕಸ್ತೂರಿಯಾದರು. ಕಸ್ತೂರಿ ಮುಗ್ಧೆ, ತ್ಯಾಗಮಯಿ. ಆದರೆ ಹಕ್ಕು ಕೇಳುವವಳಲ್ಲ. ಅದೇ 1936ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಜಾತಿ ವಿನಾಶವನ್ನು ಪ್ರತಿಪಾದಿಸಿ ಕೃತಿ ಪ್ರಕಟಿಸಿದ್ದರು. ಚಿತ್ರವಾದರೋ ಪ್ರೇಕ್ಷಕರ ಕರುಣೆಯನ್ನು ಮಾತ್ರ ಬೇಡಿತು.

ಈ ಮಾದರಿಯು ದೀರ್ಘಕಾಲ ಮುಂದುವರಿಯಿತು. ಡಾ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು 1975ರಲ್ಲಿ ನಿರ್ದೇಶಿಸಿದ 'ಚೋಮನ ದುಡಿ' ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆದ ಶ್ರೇಷ್ಠ ಚಿತ್ರ. ಅದರಲ್ಲಿಯೂ ಬೇಸಾಯದ ಆಸೆ ಈಡೇರದೆ ಚೋಮನು ಸಾಯುತ್ತಾನೆ. ದಲಿತ ಸಮುದಾಯದವರೇ ಆದ ನಾಗರಾಜ ಮಂಜುಳೆಯವರು ನಿರ್ದೇಶಿಸಿದ 2013ರ ಮರಾಠಿ ಚಿತ್ರ 'ಫಂಡ್ರಿ'ಯಲ್ಲಿ ಬಾಲಕನು ಸಾಯುವುದಿಲ್ಲ, ಅವಮಾನಿಸಿದವರತ್ತ ಕಲ್ಲೆಸೆಯುತ್ತಾನೆ. ಕಥೆ ಹೇಳುವವರು ಬದಲಾದಾಗ ಪಾತ್ರದ ಗತಿಯೂ ಬದಲಾಯಿತು.

ಬೆಂಗಳೂರಿನ ಜೀವನ

1940ರಲ್ಲಿ ಪತಿಯ ನಿಧನಾನಂತರ ದೇವಿಕಾರಾಣಿಯವರು ಸಂಸ್ಥೆಯ ನೇತೃತ್ವ ವಹಿಸಿದರು. ಅವರ ಕಾಲದಲ್ಲಿಯೇ ದಿಲೀಪ್ ಕುಮಾರ್ ಚಿತ್ರರಂಗ ಪ್ರವೇಶಿಸಿದರು. 1945ರಲ್ಲಿ ರಷ್ಯಾದ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಚ್ ಅವರನ್ನು ವಿವಾಹವಾಗಿ ಚಿತ್ರರಂಗದಿಂದ ನಿವೃತ್ತರಾದರು. ಮುಂದೆ ದಂಪತಿಗಳು ತಾತಗುಣಿಯಲ್ಲಿ ನೆಲೆಸಿ, ಸುಗಂಧ ತೈಲಕ್ಕಾಗಿ ಮರಗಳನ್ನು ಬೆಳೆಸಿದರು. ದೇವಿಕಾರಾಣಿಯವರಿಗೆ 1958ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 1969ನೇ ಸಾಲಿನ ಪ್ರಪ್ರಥಮ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೂ ಇವರೇ ಭಾಜನರಾದರು.

ರೋರಿಚ್ ಅವರು 1993ರ ಜನವರಿಯಲ್ಲಿ, ದೇವಿಕಾರಾಣಿಯವರು 1994ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ನಿಧನರಾದರು. ದಂಪತಿಗಳಿಗೆ ಮಕ್ಕಳಿರಲಿಲ್ಲ. ಎಸ್ಟೇಟನ್ನು ಕರ್ನಾಟಕ ಸರ್ಕಾರವು 1996ರ ಅಧಿನಿಯಮದ ಮೂಲಕ ಸ್ವಾಧೀನಪಡಿಸಿಕೊಂಡಿತು. ಸದರಿ ಅಧಿನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಎತ್ತಿಹಿಡಿಯಿತು. ನಾಡಿನ ಕಲಾ ಪರಂಪರೆಗೆ ಸೇರಿದ ಈ ದಂಪತಿಗಳ ನೆಲೆಯು ಇದರಿಂದಾಗಿ ಸಾರ್ವಜನಿಕ ಸ್ವತ್ತಾಗಿ ಉಳಿದಿದೆ.