ಉಸಿರಿಗೆ ಹಾದಿ ಬಿಡಿಸಿದವರು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಜಗತಿಯನ್ನು ಬಳಸಿ ಬರುವಾಗಲೆಲ್ಲ, ಮೂಗು ತುಟಿ ಮುಕ್ಕಾದ ಶಿಲಾಮೂರ್ತಿಗಳ ಮುಂದೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಕಲ್ಲಿಗಾದ ಊನ ಕಲ್ಲಿನೊಡನೆಯೇ ಉಳಿಯಿತು. ಮೊನ್ನೆ ಅಲ್ಲಿಯೇ ತಾಯಿಯ ಕೈಹಿಡಿದು ನಡೆಯುತ್ತಿದ್ದ ಮಗುವೊಂದನ್ನು ಕಂಡೆ. ಮೇಲ್ದುಟಿಯಲ್ಲಿ ಹೊಲಿಗೆಯ ಸಣ್ಣ ಗೆರೆ. ನಗುವಿಗೆ ಮಾತ್ರ ಯಾವ ಕೊರತೆಯೂ ಇರಲಿಲ್ಲ. ಸೀಳುತುಟಿಯನ್ನು ಗ್ರಹಣದ ದೋಷವೆಂದು ಬಗೆದು ಹೆತ್ತವಳನ್ನು ಹಳಿಯುವ ವಾಡಿಕೆ ನಮ್ಮಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಆ ಗೆರೆಯನ್ನು ನೋಡಿ ನನಗೆ ನೆನಪಾದವರು ಫಿಲಿಪ್ ಏರ್.

ಇಂಗ್ಲೆಂಡಿನ ಈ ವೈದ್ಯರು ಹುಟ್ಟಿದ್ದು ಸೀಳಿದ ತುಟಿ ಮತ್ತು ಅಂಗುಳಿನೊಡನೆ. ಶಸ್ತ್ರಚಿಕಿತ್ಸೆಯಾದರೂ ಮಾತಿನ ತೊಡಕು ಉಳಿಯಿತು. ಅದನ್ನು ಲೆಕ್ಕಿಸದೆ ಅವರು ವೈದ್ಯವಿದ್ಯೆ ಕಲಿತು, ನ್ಯೂಕ್ಯಾಸಲ್ ನಗರದಲ್ಲಿ ಅರಿವಳಿಕೆಯ ತಜ್ಞರಾದರು.

ಸೀಳುತುಟಿಯನ್ನು ಹೊಲಿಯುವಾಗ ಶಸ್ತ್ರವೈದ್ಯನಿಗೂ ಅರಿವಳಿಕೆ ಕೊಡುವವನಿಗೂ ಬೇಕಾದುದು ಒಂದೇ ಎಡೆ, ಮಗುವಿನ ಬಾಯಿ. ಮುಖಕ್ಕೆ ಈಥರಿನ ಮುಸುಕು ಹಾಕಿದರೆ ಸೂಜಿಗೆ ಜಾಗವಿಲ್ಲ. ತೆಗೆದರೆ ಮಗು ಎಚ್ಚರಗೊಳ್ಳುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಮುಖಕ್ಕೆ ಗಾಯವಾದ ಸೈನಿಕರಿಗಾಗಿ ಐವನ್ ಮೆಗಿಲ್ ಮತ್ತು ಸಂಗಡಿಗರು ಶ್ವಾಸನಾಳಕ್ಕೆ ಕೊಳವೆಯಿಳಿಸುವ ವಿಧಾನವನ್ನು ಬೆಳೆಸಿದ್ದರು. ಆದರೆ ದೊಡ್ಡವರ ಉಪಕರಣದ ಕವಾಟವನ್ನು ತಳ್ಳಿ ಉಸಿರು ಬಿಡುವ ಬಲ ಹಸುಗೂಸಿನ ಎದೆಗೆ ಎಲ್ಲಿಂದ ಬಂದೀತು? ತಾನು ಬಿಟ್ಟ ಉಸಿರನ್ನೇ ಮತ್ತೆ ಸೇದಿಕೊಂಡು ಕೂಸು ಬಳಲುತ್ತಿತ್ತು, ಬಣ್ಣಗೆಡುತ್ತಿತ್ತು.

1937ರಲ್ಲಿ ಏರ್ ಪ್ರಕಟಿಸಿದ ಉಪಾಯ ಬಹು ಸರಳವಾದುದು: ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಪುಟ್ಟ ಕೊಳವೆ. ಒಂದು ತುದಿಯಿಂದ ಹೊಸ ಅನಿಲ ಬರುತ್ತದೆ. ಎರಡನೆಯದು ಶ್ವಾಸನಾಳದ ಕೊಳವೆಗೆ ಕೂಡುತ್ತದೆ. ಮೂರನೆಯದು ಬಯಲಿಗೆ ತೆರೆದಿದೆ. ಕವಾಟವಿಲ್ಲ, ತಡೆಯಿಲ್ಲ, ಬಿಟ್ಟ ಉಸಿರು ಅನಿಲದ ಹರಿವಿನೊಡನೆ ಹೊರಗೆ ಹೋಗುತ್ತದೆ. 1950ರಲ್ಲಿ ಲಿವರ್‌ಪೂಲಿನ ಜಾಕ್ಸನ್ ರೀಸ್ ಅದಕ್ಕೆ ಬಾಯಿತೆರೆದ ಚೀಲವೊಂದನ್ನು ಸೇರಿಸಲು, ವೈದ್ಯನು ಕೈಯಿಂದಲೇ ಮಗುವಿನ ಉಸಿರನ್ನು ನಡೆಸುವಂತಾಯಿತು.

ಏರ್ ತೀರಿಕೊಂಡು ದಶಕಗಳಾದುವು. ಇಂದು ಮಗುವಿನ ರಕ್ತದ ಆಮ್ಲಜನಕವನ್ನೂ ಹೊರಬಿಟ್ಟ ಉಸಿರನ್ನೂ ಅಳೆಯುವ ಯಂತ್ರಗಳಿವೆ. ನಮ್ಮ ಧಾರವಾಡ, ಮಂಗಳೂರುಗಳಲ್ಲಿಯೂ ಇಂಥ ಮಕ್ಕಳಿಗೆ ಚಿಕಿತ್ಸೆ ದೊರೆಯುತ್ತದೆ. ಕೆಳದವಡೆ ತೀರ ಕಿರಿದಾದ ಕೂಸಿಗೆ ಕೊಳವೆಯಿಳಿಸುವುದು ಮಾತ್ರ ಈಗಲೂ ಕಠಿಣವೇ. ಆದರೂ ತುಟಿಯ ಸೀಳನ್ನು ಹೊಲಿಯುವ ಮೊದಲು ಉಸಿರಿನ ದಾರಿಯನ್ನು ಕಾಯಬೇಕೆಂಬುದನ್ನು, ಅದೇ ಸೀಳಿನೊಡನೆ ಹುಟ್ಟಿದವರೊಬ್ಬರು ಕೈಯಾರೆ ಮಾಡಿ ತೋರಿಸಿದರು.

ನಾನು ನೋಡುತ್ತಿದ್ದಂತೆ ಮಗು ನಂದಿಮಂಟಪದತ್ತ ಓಡಿತು. ತಾಯಿ ಅದರ ಮುಖಕ್ಕೆ ಸೆರಗು ಮರೆ ಮಾಡಲಿಲ್ಲ.